ಗಂಗುಲಪ್ಪನ ಹಲ್ಲು ಬೆಳಗಿದ ಪ್ರಸಂಗ

ಕ್ಯಾಲನೂರಿನ ಹಾಲಿನ ಡೇರಿ ಸೆಕ್ರೆಟರಿ ಗಂಗುಲಪ್ಪ ಯಾರಿಗೂ ಹೆದರುವ ಆಸಾಮಿಯಲ್ಲ. ಹಾಲಿಗೆ ನೀರು ಬೆರೆಸಿ ತಂದವರು ಎಂಥ ಮೀಸೆಯವರಾದರೂ ಸರಿ, ಕ್ಯಾನು ಸಮೇತ ವಾಪಸ್ ಕಳಿಸುವ ಗಂಡು. ಆದರೆ ಹಲ್ಲಿನ ಡಾಕ್ಟರು ಅಂದರೆ ಸಾಕು, ಆ ಗಂಡಿನ ಕೈಕಾಲು ತಣ್ಣಗಾಗಿ ಬಾಯಿ ಒಣಗಿಹೋಗುತ್ತೆ. ಚಿಕ್ಕವನಿದ್ದಾಗ ಅಪ್ಪ ದೊಡ್ಡನಾರಾಯಣಪ್ಪನವರು ದವಡೆ ಹಲ್ಲು ಕೀಳಿಸೋಕೆ ಹೋದಾಗ ಇವನು ಬಾಗಿಲ ಹೊರಗೆ ಕೂತಿದ್ದ. ಒಳಗಿಂದ ಬಂದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಕೋಲಾರದಲ್ಲಿ ಹಲ್ಲಿನ ಬೋರ್ಡು ಇರುವ ರಸ್ತೆಗೇ ಗಾಡಿ ತಿರುಗಿಸೋಲ್ಲ. ಹೆಂಡತಿ ಕೇಳಿದರೆ "ಆ ಕಡೆ ಟ್ರಾಫಿಕ್ ಕಣೇ" ಅನ್ನುತ್ತಾನೆ. (ಟ್ರಾಫಿಕ್ಕಂತೆ! ಆ ರಸ್ತೇಲಿ ಹಗಲೊತ್ತು ನಾಯಿ ಮಲಗಿರುತ್ತೆ.)

ಅಂಥವನ ಹಲ್ಲಿನ ಮೇಲೇ ಹೆಂಡತಿ ಆದಿಲಕ್ಷ್ಮಿಯ ಕಣ್ಣು ಬಿತ್ತು.

"ಏನ್ರೀ, ಭಾನುವಾರ ಗಂಡಿನ ಕಡೆಯವರು ಬರ್ತಾರೆ. ಈ ಹಲ್ಲಿಟ್ಕೊಂಡು ಅವರ ಮುಂದೆ ಕೂತ್ಕೋತೀರಾ?"

"ಮತ್ತೆ? ಹಲ್ಲು ಬಿಚ್ಚಿ ಗೂಡಲ್ಲಿಟ್ಟು ಕೂತ್ಕೊಳ್ಲಾ?"

"ನಗಬೇಡಿ ಹಂಗಾದ್ರೆ."

"ಮಗಳಿಗೆ ಸಂಬಂಧ ಕೂಡೋ ದಿನ ಅಪ್ಪ ಮುಖ ಗಂಟಿಕ್ಕೊಂಡು ಕೂತ್ರೆ, ಈ ಮನೇಲಿ ಯಾರೋ ಹೋಗ್ಬಿಟ್ಟವ್ರೆ ಅಂತ ಎದ್ದೋಗ್ತಾರೆ ಕಣೇ!"

ಅವನ ತಪ್ಪೇನೂ ಇಲ್ಲ ಸ್ವಾಮಿ. ನಮ್ಮ ಕಡೆ ಬೋರ್‌ವೆಲ್ ನೀರಿನ ಮಹಿಮೆ ಅದು. ಹುಟ್ಟಿದಾಗಿಂದ ಕುಡಿದವರ ಹಲ್ಲಿಗೆ ಬೆಲ್ಲದ ಪಾಕದ ಬಣ್ಣ ಬಂದೇ ಬರುತ್ತೆ. ಊರಿಗೆ ಊರೇ ಹಾಗಿರುವಾಗ ಯಾರು ಯಾರನ್ನು ನೋಡಿ ನಗಬೇಕು? ಆದರೆ ಆದಿಲಕ್ಷ್ಮಿಗೆ ಈ ನ್ಯಾಯವೆಲ್ಲ ಬೇಡ.

"ಶುಕ್ರವಾರದೊಳಗೆ ಬೆಳ್ಳಗಾಗ್ಲಿಲ್ಲ ಅಂದ್ರೆ ಶನಿವಾರ ನಾನೇ ಕೋಲಾರಕ್ಕೆ ಎಳ್ಕೊಂಡು ಹೋಗಿ ಡಾಕ್ಟ್ರ ಕುರ್ಚಿಗೆ ಕಟ್ಟಾಕಿಸ್ತೀನಿ" ಅಂತ ಸಾರಿಬಿಟ್ಟಳು.

ಆ ಕುರ್ಚಿಯೊಂದು ತಪ್ಪಿದರೆ ಸಾಕು, ಬೇರೆ ಏನು ಬೇಕಾದರೂ ಆಗಲಿ ಅಂತ ಗಂಗುಲಪ್ಪ ಮನೆಮದ್ದಿನ ಅನ್ವೇಷಣೆಗೆ ಇಳಿದ. ಆದಿಲಕ್ಷ್ಮಿ ಮೊಬೈಲು ನೋಡಿ ಒಂದೊಂದಾಗಿ ಹೇಳುತ್ತಾ ಹೋದಳು. ಇದ್ದಿಲು ಅಂದಳು. "ಕರಿ ಹಾಕಿದ್ರೆ ಬೆಳ್ಳಗೆ ಹೆಂಗೇ ಆಗ್ತದೆ?" ಅಂದ. ಸೋಡಾಪುಡಿ ಅಂದಳು. "ಬೋಂಡಾನೇ ಉಬ್ಬಿಸ್ತದೆ, ಒಸಡು ಉಬ್ಬಿದ್ರೆ?" ಅಂದ. ನಿಂಬೆಹಣ್ಣು ಅಂದಳು. ತಾಮ್ರದ ಚೊಂಬಿನ ಕಿಲುಬನ್ನೇ ತಿನ್ನುವ ಹುಳಿ ನನ್ನ ಹಲ್ಲನ್ನ ಬಿಡುತ್ತಾ ಅಂತ ಬೆವರಿದ. ಬಾಳೆಹಣ್ಣಿನ ಸಿಪ್ಪೆಯನ್ನು ಮಾತ್ರ ಧೈರ್ಯವಾಗಿ ಉಜ್ಜಿದ. ಹಲ್ಲು ಹಾಗೇ ಇತ್ತು, ನೊಣ ಬಂತು.

ಗುರುವಾರ ಬಂದವನು ಆದಿಲಕ್ಷ್ಮಿಯ ತಮ್ಮ ಭೀಮರಾಜ್. ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವವನು. ಕೆತ್ತಿದ ಮೇಲೆ ವಿಗ್ರಹಕ್ಕೆ ಹೊಳಪು ಕೊಡುವ ಕಲ್ಲಿನ ಪುಡಿಯನ್ನು ಕವರಲ್ಲಿ ಕಟ್ಟಿ ತಂದಿದ್ದ.

"ಬಾವಾ, ಇದನ್ನ ಹಾಕಿ ಉಜ್ಜಿದ್ರೆ ಕಲ್ಲೇ ಕನ್ನಡಿ ಆಗ್ತದೆ. ಹಲ್ಲು ಯಾವ ಲೆಕ್ಕ?"

"ಲೇ, ಅದು ಕಲ್ಲು ಕಣೋ. ಇದು ಬಾಯಿ!"

"ಸಾಕ್ಷಾತ್ ಭಗವಂತನ ಮುಖಕ್ಕೇ ಹಚ್ತೀವಿ. ನಿಮ್ಮ ಬಾಯಿ ಅದಕ್ಕಿಂತ ಹೆಚ್ಚಾ?"

ಒಂದು ಕಡೆ ಪುಡಿ, ಇನ್ನೊಂದು ಕಡೆ ಕುರ್ಚಿ. ಗಂಗುಲಪ್ಪ ಕಣ್ಣುಮುಚ್ಚಿ ಪುಡಿಯನ್ನೇ ಆರಿಸಿಕೊಂಡ. ಬಚ್ಚಲಲ್ಲಿ ಭೀಮರಾಜ್ ಒದ್ದೆ ಬಟ್ಟೆಗೆ ಪುಡಿ ಹಚ್ಚಿಕೊಂಡು ಉಜ್ಜಿದ ನೋಡಿ, ಕರಕರ ಸದ್ದು ಅಡುಗೆಮನೆಗೆ ಕೇಳಿಸಿ ಮಗಳು ಸರಳಾ "ಅಮ್ಮಾ, ಯಾರು ಮಡಕೆ ಕೆರೀತಿರೋದು?" ಅಂದಳು. ಗಂಗುಲಪ್ಪನ ಕಣ್ಣಲ್ಲಿ ನೀರು ಸುರೀತಿತ್ತು. ಪ್ರಾಣಭಯದಲ್ಲಿ ಭಾಮೈದನ ಮೊಣಕೈ ಹಿಡಿದುಕೊಂಡೇ ಇದ್ದ.

ಆದರೆ ಹಲ್ಲು ಬೆಳ್ಳಗಾಯಿತು ಕಣ್ರೀ! ಬೆಲ್ಲದ ಬಣ್ಣ ಹೋಗಿ ಸುಣ್ಣದ ಗೋಡೆ ಬಂತು. ಜೊತೆಗೆ ತಣ್ಣೀರು, ಬಿಸಿನೀರು, ಗಾಳಿ ಯಾವುದು ತಾಕಿದರೂ ನೆತ್ತಿಯವರೆಗೆ ಚುಳಕ್ ಅನ್ನುವ ನೋವೂ ಬಂತು. ಅದನ್ನು ಬಾಯಿಬಿಟ್ಟು ಹೇಳಿದರೆ ಮತ್ತೆ ಕುರ್ಚಿ. ಹಲ್ಲುಕಚ್ಚೋಣ ಅಂದರೆ ಅದೂ ಆಗದೆ, ಪಾಪ, ಸುಮ್ಮನಿದ್ದ.

ಭಾನುವಾರ ಶ್ರೀನಿವಾಸಪುರದಿಂದ ಗಂಡಿನ ಅಪ್ಪ ಅಮರನಾಥ್, ಅಮ್ಮ ವೆಂಕಟರತ್ನಮ್ಮ, ಹುಡುಗ ವೇಣು ಬಂದರು. ಅಮರನಾಥ್ ಅವರೂರಿನ ಡೇರಿ ಸಂಘದ ಅಧ್ಯಕ್ಷರು. ಅವರ ಹಲ್ಲೂ ಅಪ್ಪಟ ಬೆಲ್ಲ. ವೇಣು, ಸರಳಾ ಒಬ್ಬರನ್ನೊಬ್ಬರು ಒಪ್ಪಿದರು. ಆ ಖುಷಿಗೆ ಗಂಗುಲಪ್ಪ ಮೈಮರೆತು ಬಿಸಿ ಕಾಫಿ ಗುಟುಕರಿಸಿದ. ಮರುಕ್ಷಣ ಕೆನ್ನೆ ಮೇಲೆ ಕಣ್ಣೀರು ಧಾರಾಕಾರ.

"ಅಯ್ಯೋ ದೇವುಡಾ! ಮಗಳನ್ನ ಕಳಿಸ್ಬೇಕಲ್ಲ ಅಂತ ಕರುಳು ಎಷ್ಟು ನೋಯ್ತೈತೆ ನೋಡಿ" ಅಂತ ವೆಂಕಟರತ್ನಮ್ಮ ತಾವೂ ಸೆರಗಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಅವರ ದೃಷ್ಟಿ ಹಲ್ಲಿನ ಮೇಲೆ ನಿಂತಿತು. "ಬೀಗ್ರ ಹಲ್ಲು ಏನ್ ಬೆಳ್ಳಗೈತಮ್ಮಾ!"

ಹೊಗಳಿಕೆ ಬಿದ್ದ ಮೇಲೆ ಆದಿಲಕ್ಷ್ಮಿಯನ್ನು ಹಿಡಿಯೋರ್ಯಾರು? ಕಲ್ಲಿನ ಪುಡಿ ಅಂತ ಹೇಳಿದರೆ ಮರ್ಯಾದೆ ಇರುತ್ತಾ? "ಕೋಲಾರದಲ್ಲಿ ದೊಡ್ಡ ಡಾಕ್ಟ್ರ ಹತ್ರ ಮಾಡಿಸ್ಕೊಂಡ್ರು. ಕುರ್ಚಿ ಮೇಲೆ ಹಂಗೇ ಗೊರಕೆ ಹೊಡೆದ್ಬಿಟ್ರಂತೆ!" ಅಂದುಬಿಟ್ಟಳು.

"ಕೇಳಿದ್ರಾ?" ಅಂತ ವೆಂಕಟರತ್ನಮ್ಮ ಗಂಡನ ಕಡೆ ತಿರುಗಿದರು. "ನಿಶ್ಚಿತಾರ್ಥದ ಒಳಗೆ ನೀವೂ ಮಾಡಿಸ್ಕೋಬೇಕು. ಬೀಗ್ರೇ ಕರ್ಕೊಂಡು ಹೋಗ್ತಾರೆ."

ಅಮರನಾಥ್ ಮುಖ ಬಿಳಿಚಿಕೊಂಡಿತು. ಗಂಗುಲಪ್ಪನ ಮುಖ ಅದಕ್ಕಿಂತ ಬಿಳಿಚಿತು. ಆ ಕ್ಷಣ ಇಬ್ಬರ ಹಣೆಬರಹವೂ ಒಂದಾಯಿತು.

ಬುಧವಾರ ನಾಲ್ವರೂ ಕೋಲಾರದ ಕ್ಲಿನಿಕ್ಕಲ್ಲಿ. ಹೆಂಗಸರು ಹೊರಗಿನ ಬೆಂಚಲ್ಲಿ ಕೂತವರೇ ಮದುವೆ ಯಾವ ಕಡೆ ಅನ್ನುವ ಜಗಳ ಶುರು ಮಾಡಿದರು. "ನಮ್ಮ ಪದ್ಧತಿ ಗಂಡಿನ ಊರಲ್ಲೇ" ಅಂದರು ವೆಂಕಟರತ್ನಮ್ಮ. "ಒಬ್ಳೇ ಮಗಳು, ಕೋಲಾರದಲ್ಲೇ ಆಗ್ಬೇಕು. ಇದೊಂದು ಮಾತು ನಾನು ಬಿಡಾಕಿಲ್ಲ" ಅಂದಳು ಆದಿಲಕ್ಷ್ಮಿ, ಬೆಂಚು ಕುಟ್ಟಿ.

ಒಳಗೆ ಅಮರನಾಥ್ ನಡುಗುತ್ತಾ "ಬೀಗ್ರೇ, ನಿಮಗೆ ಅಭ್ಯಾಸ ಐತಲ್ಲ, ನೀವು ಮೊದ್ಲು ಕೂತು ತೋರ್ಸಿ" ಅಂದರು. ಗೊರಕೆ ಹೊಡೆದ ವೀರ ಇಲ್ಲ ಅನ್ನೋದು ಹೇಗೆ? ಗಂಗುಲಪ್ಪ ಇದ್ದಬದ್ದ ದೇವರನ್ನೆಲ್ಲ ನೆನೆದು ಕುರ್ಚಿ ಹತ್ತಿದ. ಬೆನ್ನು ಹಿಂದಕ್ಕೆ ಬಾಗಿತು, ಲೈಟು ಕಣ್ಣಿಗೆ ಹೊಡೆಯಿತು, ಜೀವ ಬಾಯಿಗೆ ಬಂತು.

ಡಾಕ್ಟರಮ್ಮ ಇಣುಕಿ ಬೆಚ್ಚಿದರು. "ಏನ್ ಹಾಕಿ ಉಜ್ಜಿದ್ರಿ ಇದನ್ನ? ಮೇಲಿನ ಪದರವೇ ಸವೆದಿದೆ! ಹಿಂದೆ ಹುಳುಕೂ ಇದೆ. ಇವತ್ತೇ ಕೊರೆದು ತುಂಬಬೇಕು. ನೋವಾದ್ರೆ ಮಾತಾಡ್ಬೇಡಿ, ಕೈ ಎತ್ತಿ."

ಬಾಯಿ ತುಂಬ ಹತ್ತಿ, ಕೊಳವೆ. ಯಂತ್ರ ಜುಯ್ ಅಂತು. ಪಕ್ಕದಲ್ಲಿ ನಿಂತಿದ್ದ ಅಮರನಾಥ್ ತಮ್ಮ ಭಯ ಮರೆಯೋಕೆ ಮಾತು ತೆಗೆದರು. "ಬೀಗ್ರೇ, ಹೆಂಗಸ್ರ ಜಗಳ ಮುಗಿಯಾಕಿಲ್ಲ. ನಾವೇ ತೀರ್ಮಾನ ಮಾಡ್ಬಿಡಾಣ. ಮದುವೆ ಶ್ರೀನಿವಾಸಪುರದಲ್ಲೇ ಆಗ್ಲಿ. ಒಪ್ಪಿಗೇನಾ?"

ಸರಿಯಾಗಿ ಆಗಲೇ ಯಂತ್ರ ನರಕ್ಕೆ ತಾಕಿತು. ಗಂಗುಲಪ್ಪ ಕೈ ಎತ್ತಿದ.

ಡೇರಿ ಸಂಘದ ಮೀಟಿಂಗಲ್ಲಿ ಕೈ ಎತ್ತಿದರೆ ಏನರ್ಥ ಅಂತ ಅಧ್ಯಕ್ಷರಿಗೆ ಹೇಳಿಕೊಡಬೇಕಾ? "ಶಭಾಷ್! ಆರತಕ್ಷತೆನೂ ಅಲ್ಲೇ?" ಅಂದರು. ಗಂಗುಲಪ್ಪ ಬೇಡ ಬೇಡ ಅಂತ ಎರಡೂ ಕೈ ಎತ್ತಿದ.

"ಸರ್ವಾನುಮತ!" ಅಮರನಾಥ್ ಬಾಗಿಲು ತಳ್ಳಿಕೊಂಡು ಹೊರಗೋಡಿದರು. (ಕುರ್ಚಿಯಿಂದ ದೂರ ಓಡೋಕೆ ಅವರಿಗೂ ಒಂದು ನೆಪ ಬೇಕಿತ್ತು ಅನ್ನಿ.) "ಬೀಗ್ರು ಒಪ್ಪಿದ್ರು! ಎಲ್ಲಾ ಶ್ರೀನಿವಾಸಪುರದಲ್ಲೇ!"

ಹೊರಗೆ ಬೆಂಚಿಂದ ಯಾರೋ ದಡಕ್ಕನೆ ಎದ್ದ ಸದ್ದು. ಆಮೇಲೆ ಆದಿಲಕ್ಷ್ಮಿಯ ದನಿ, ಮೆತ್ತಗೆ, ಬಾಗಿಲ ಹತ್ತಿರ. "ಏನ್ರೀ... ಮುಗೀತಾ? ಹೊರಗೆ ಬನ್ನಿ ಸ್ವಲ್ಪ."

ಡಾಕ್ಟರಮ್ಮ ಹತ್ತಿ ತೆಗೆದು, ಲೈಟು ಆರಿಸಿ ಅಂದರು, "ಆಯ್ತು, ಏಳಿ ಸಾರ್."

ಗಂಗುಲಪ್ಪ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಬಾಯಿ ಇನ್ನೂ ಅಗಲ ತೆರೆದ. "ನಿಮ್ಮ ದಮ್ಮಯ್ಯ ಡಾಕ್ಟ್ರಮ್ಮಾ, ಈ ಕಡೆದೂ ಒಂದು ಕೊರೆದ್ಬಿಡಿ."