ಚಿಕ್ಕಪ್ಪ ಇಳಿಯುವ ಕಲ್ಲುಗಳು

ನಮ್ಮ ಚಿಕ್ಕಪ್ಪನಿಗೆ ಸೈಕಲ್ ಹೊಡೆಯುವುದು ಚೆನ್ನಾಗಿ ಬರುತ್ತಿತ್ತು. ಹತ್ತುವುದು ಮತ್ತು ಇಳಿಯುವುದು ಮಾತ್ರ ಬರುತ್ತಿರಲಿಲ್ಲ. ಹಾಗಾದರೆ ಅದೆಂಥ ಸವಾರಿ ಎಂದು ನೀವು ನಗಬಹುದು. ಮೈಲಾಪುರದಿಂದ ಜಾರ್ಜ್ ಟೌನಿನ ಆಫೀಸಿಗೆ ದಿನವೂ ಹೋಗಿ ಬರುತ್ತಿದ್ದ ಮನುಷ್ಯನಿಗೆ ಸೈಕಲ್ ಬರುವುದಿಲ್ಲ ಎನ್ನಲು ನನಗಂತೂ ಧೈರ್ಯವಿಲ್ಲ. ನಡುವಿನದೆಲ್ಲ ಬರುತ್ತಿತ್ತು, ಎರಡು ತುದಿ ಬರುತ್ತಿರಲಿಲ್ಲ, ಅಷ್ಟೇ!

ಅವರು ಸೈಕಲ್ಲಿಗೆ ಗಂಟುಬಿದ್ದದ್ದು ಮದರಾಸಿನಲ್ಲಿ ಟ್ರಾಮು ನಿಂತ ವರ್ಷ, ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ. ಅದರ ಹಿಂದಿನ ವರ್ಷ ನಮ್ಮ ಅಪ್ಪ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದರು. ಕಾಲಿನ ಒಂದು ಗಾಯ ಮಾಯಲೇ ಇಲ್ಲ. ಆಗ ಅವರಿಗೆ ನಲವತ್ತೊಂಬತ್ತು. ತಾತನೂ ಐವತ್ತು ಕಂಡವರಲ್ಲ. ನಮ್ಮ ವಂಶದ ಗಂಡಸರಿಗೆ ಐವತ್ತು ಒಗ್ಗುವುದಿಲ್ಲವೆಂದು ಬಂಧುಗಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅಪ್ಪನ ವೈದಿಕಗಳು ಮುಗಿಯುವಷ್ಟರಲ್ಲಿ ಚಿಕ್ಕಪ್ಪನಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಮೈ ಬಗ್ಗಿಸಿ ಓಡಾಡದಿದ್ದರೆ ನಿಮ್ಮ ಅಣ್ಣನ ದಾರಿಯೇ ಎಂದು ಡಾಕ್ಟರು ಮುಖಕ್ಕೇ ಹೇಳಿದರು.

ಚಿಕ್ಕಪ್ಪ ಮದುವೆಯ ಗೋಜಿಗೆ ಹೋದವರಲ್ಲ. ಮನೆಯಲ್ಲಿದ್ದವರು ಅಮ್ಮ, ಕಾಲೇಜಿಗೆ ಹೋಗುತ್ತಿದ್ದ ನಾನು, ಇಬ್ಬರು ತಂಗಿಯರು. ಎಲ್ಲರಿಗೂ ಅವರೊಬ್ಬರೇ ದಿಕ್ಕು. ಹೇಗಾದರೂ ಅವರನ್ನು ಐವತ್ತು ದಾಟಿಸಬೇಕಿತ್ತು.

ನಡೆಯಿರಿ ಎಂದೆವು. ನಡೆಯುವುದು ಕೆಲಸವಿಲ್ಲದವರ ಕೆಲಸ ಎಂದರು. ಬಸ್ಸಿನಲ್ಲಿ ಜೋತಾಡಿದರೂ ವ್ಯಾಯಾಮವೇ ಎಂದ ನನ್ನನ್ನು ಒಂದು ವಾರ ಮಾತನಾಡಿಸಲಿಲ್ಲ. ಆಮೇಲೆ ಒಂದು ಭಾನುವಾರ, ರಾಹುಕಾಲ ಕಳೆದ ಮೇಲೆ, ಸೈಕಲ್ ತಂದರು. ಊರು ಬಿಟ್ಟು ಹೊರಟಿದ್ದ ರೈಲ್ವೆ ಗಾರ್ಡೊಬ್ಬನದು. ಆತ ಆರಡಿ ದಾಟಿದ ಆಳು, ಚಿಕ್ಕಪ್ಪ ಐದಡಿಯೂ ತುಂಬದವರು. ಸೀಟಿನ ಮೇಲೆ ಕೂತರೆ ಪೆಡಲ್ಲು ಎಟುಕುತ್ತಿತ್ತು, ಭೂಮಿ ಎಟುಕುತ್ತಿರಲಿಲ್ಲ. ಇನ್ನು ಕಾಲು ಬೀಸಿ ಹತ್ತುವುದೆಂತು?

ಬೀದಿಯ ಸೈಕಲ್ ಅಂಗಡಿಯವನು ಗುರುವಾದ. ನಮ್ಮ ಜಗಲಿಯ ಮೇಲೆ ನಿಂತು ಸೀಟಿಗೆ ಜಾರುವುದು, ಬೀದಿ ಸುತ್ತಿ ಬಂದು ಮತ್ತೆ ಜಗಲಿಗೆ ಕಾಲು ಕೊಡುವುದು, ಇದು ಮೊದಲ ಪಾಠ. ಹತ್ತು ದಿನದಲ್ಲಿ ಚಿಕ್ಕಪ್ಪ ಇದರಲ್ಲಿ ನಿಪುಣರಾದರು. ಎರಡನೆಯ ಪಾಠ ಜಗಲಿಯಿಲ್ಲದೆ ಹತ್ತಿ ಇಳಿಯುವುದು ಎಂದಾಗ, ಕಲಿತದ್ದೇ ಸಾಕು ಎಂದು ಗುರುವಿಗೆ ತಾಂಬೂಲ ಕೊಟ್ಟು ಕಳಿಸಿಬಿಟ್ಟರು!

ಅಮ್ಮನ ತಕರಾರು ಬೇರೆ. ತೊಗಲಿನ ಸೀಟಿನ ಮೇಲೆ ಕೂತು ಬಂದವನು ದೇವರ ಮನೆಗೆ ಕಾಲಿಡಬಾರದು ಎಂದಳು. ದೇವರ ಮುಂದೆ ಬಾರಿಸುವ ಮೃದಂಗವೂ ತೊಗಲೇ ಅಲ್ಲವೆ ಎಂದು ಚಿಕ್ಕಪ್ಪ ಸಂಗೀತದ ಮೈಲಾಪುರಕ್ಕೆ ತಕ್ಕ ವಾದ ಹೂಡಿದರು.

"ಮೃದಂಗದ ಮೇಲೆ ಯಾರೂ ಕೂತ್ಕೊಳ್ಳೋದಿಲ್ಲ," ಎಂದಳು ಅಮ್ಮ.

ವಾದ ಅಲ್ಲಿಗೆ ಮುಗಿಯಿತು. ರೇಷ್ಮೆಗೆ ಮೈಲಿಗೆಯಿಲ್ಲವೆಂದು ಹಳೆಯ ಮಡಿಯ ತುಂಡೊಂದನ್ನು ಸೀಟಿಗೆ ಹೊಲಿಸಿದರು. ರೇಷ್ಮೆ ಜಾರುತ್ತದೆ. ಮನೆಯಿಂದ ಸೀಟಿನ ಮಧ್ಯದಲ್ಲಿ ಹೊರಟವರು ಆಫೀಸು ತಲುಪುವಾಗ ಅದರ ಮೂತಿಯ ಮೇಲಿರುತ್ತಿದ್ದರು.

ಜಗಲಿ ಮನೆಯ ಮುಂದೆ ಇತ್ತು, ಸರಿ. ದಾರಿಯಲ್ಲಿ? ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಜಾರ್ಜ್ ಟೌನಿನವರೆಗೆ ನಡೆದೇ ಹೋಗಿ ತಮ್ಮ ಎತ್ತರಕ್ಕೆ ಒಪ್ಪುವ ಕಲ್ಲುಗಳನ್ನು ಗುರುತು ಮಾಡಿದರು. ಸಾಂತೋಮಿನ ಹತ್ತಿರ ಒಂದು ಮೋರಿಕಟ್ಟೆ, ಬೀಚ್ ರೋಡಿನಲ್ಲಿ ಒಂದು ಮೈಲಿಗಲ್ಲು, ಕೋಟೆಯ ಈಚೆಗೆ ಗಾಡಿ ಕುದುರೆಗಳು ನೀರು ಕುಡಿಯುವ ಕಲ್ಲುತೊಟ್ಟಿ, ಕೊನೆಗೆ ಆಫೀಸಿನ ಮೆಟ್ಟಿಲು. ಕಡಲ ಗಾಳಿ ಎಷ್ಟೇ ಜೋರಾಗಿರಲಿ, ಅವರು ಇಳಿದರೆ ಈ ನಾಲ್ಕರಲ್ಲಿ ಒಂದು ಕಡೆಯೇ. ಒಂದು ತಪ್ಪಿದರೆ ಇನ್ನೊಂದರವರೆಗೆ ಹೋಗಲೇಬೇಕು. ಪಕ್ಕದ ಲಜ್ ಬಜಾರಿಗೆ ಬದನೆಕಾಯಿ ತರಲು ಹೋಗಿ, ಇಳಿಯಲು ತಾವಿಲ್ಲದೆ, ಖಾಲಿ ಚೀಲದೊಂದಿಗೆ ಬಂದು ಬದನೆಕಾಯಿ ನಂಜು ಎಂದದ್ದೂ ಉಂಟು.

ಒಮ್ಮೆ ಒಂದು ಕೂಡುರಸ್ತೆಯಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ನಿಲ್ಲಿಸುವ ಉಪಾಯ ಗೊತ್ತಿಲ್ಲದ ಚಿಕ್ಕಪ್ಪ ಅವನನ್ನೇ ಸುತ್ತತೊಡಗಿದರು. "ಕೀಳೆ ಇರಂಗುಯ್ಯಾ," ಎಂದು ಅವನು ಇಳಿಯಲು ಹೇಳಿದ. "ಕಲ್ಲು ಇಲ್ಲೆ, ಸಾರ್," ಎಂದು ಇವರೂ ತಮಿಳಿನಲ್ಲೇ, ಇಳಿಯಲು ಕಲ್ಲಿಲ್ಲವೆಂದು ವಿನಯದಿಂದ ಹೇಳಿ ಇನ್ನೊಂದು ಸುತ್ತು ಹೊಡೆದರು. ಮೂರನೆಯ ಪ್ರದಕ್ಷಿಣೆಯಲ್ಲಿ, ಅವನು ನಿಂತಿದ್ದ ಗುಂಡನೆಯ ಕಟ್ಟೆ ಸರಿಯಾದ ಎತ್ತರಕ್ಕಿದೆ ಎಂಬುದು ಹೊಳೆಯಿತು. ಅವನ ಬೂಟಿನ ಪಕ್ಕದಲ್ಲೇ ಒಂದು ಕಾಲಿಟ್ಟು ಇಳಿದರು! ಅವನು ಬೈಯುವುದನ್ನು ಮರೆತು, ಮತ್ತೆ ಹತ್ತಿಸಿ ಕಳಿಸಿಕೊಟ್ಟನಂತೆ. ಅಂದಿನಿಂದ ಆ ಕಟ್ಟೆಯೂ ಚಿಕ್ಕಪ್ಪನ ಕಲ್ಲುಗಳ ಲೆಕ್ಕಕ್ಕೆ ಸೇರಿತು.

ಚಿಂತಾದ್ರಿಪೇಟೆಯಲ್ಲಿ ನೆಂಟರೊಬ್ಬರ ಮದುವೆಯ ಕಥೆ ಇದಕ್ಕಿಂತ ಒಂದು ತೂಕ ಹೆಚ್ಚು. ಚಪ್ಪರದ ಮುಂದೆ ಕಲ್ಲಿಲ್ಲ. ಚಿಕ್ಕಪ್ಪ ಸೈಕಲ್ ಮೇಲಿಂದಲೇ ಬಾಗಿಲಲ್ಲಿದ್ದವರಿಗೆ ಕೈಮುಗಿದು ಮುಂದೆ ಹೋದರು, ತಿರುಗಿ ಬಂದರು, ಮತ್ತೆ ಮುಂದೆ ಹೋದರು. ಮದುವೆಮನೆಯಲ್ಲಿ ಬಂಧುವೊಬ್ಬ ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದರೆ ಅದಕ್ಕೆ ಅರ್ಥ ಒಂದೇ ತಾನೆ? ಕರೆದ ರೀತಿಯಲ್ಲಿ ಏನೋ ಊನವಾಗಿ ಕೋಪ ಬಂದಿದೆ! ಹುಡುಗಿಯ ತಂದೆ ಶಲ್ಯ ಸೊಂಟಕ್ಕೆ ಬಿಗಿದು ಹಿಂದೆ ಓಡಿದರು.

"ಏನು ತಪ್ಪಾಯ್ತು ಹೇಳಿ, ಸ್ವಾಮಿ. ಕಾಲು ಹಿಡ್ಕೊಳ್ತೀನಿ."

"ಕಾಲು ಬೇಡ. ಒಂದು ಕುರ್ಚಿ ಹಿಡ್ಕೊಳ್ಳಿ," ಎಂದರು ಚಿಕ್ಕಪ್ಪ.

ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಮದುಮಗನಿಗೆ ಸಿಂಗರಿಸಿಟ್ಟ ಕುರ್ಚಿ. ಅದರ ಮೇಲೆ ಕಾಲಿಟ್ಟು ಚಿಕ್ಕಪ್ಪ ಇಳಿಯುವುದಕ್ಕೂ, ಗಂಡೇ ಬಂದನೆಂದು ಓಲಗದವರು ಊದುವುದಕ್ಕೂ ಸರಿಹೋಯಿತು.

ಹೀಗೆ ನಗುನಗುತ್ತ ಎರಡು ವರ್ಷ ಕಳೆಯಿತು. ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು. ಡಾಕ್ಟರು ತಮ್ಮ ಉಳಿದ ರೋಗಿಗಳಿಗೆಲ್ಲ ಚಿಕ್ಕಪ್ಪನ ಉದಾಹರಣೆ ಕೊಡತೊಡಗಿದರು. ಅಮ್ಮ ಮಾತ್ರ ಸಂಜೆ ಐದೂವರೆಯಾದರೆ ಬಾಗಿಲಿಗೆ ಬಂದು, ಸೈಕಲ್ಲಿನ ಗಂಟೆ ಕೇಳುವವರೆಗೆ ಒಳಗೆ ಹೋಗುತ್ತಿರಲಿಲ್ಲ.

ಮೂರನೆಯ ವರ್ಷ ಒಂದು ದಿನ ಮೈಲಿಗಲ್ಲಿಗೆ ಯಾರೋ ಎತ್ತಿನ ಗಾಡಿ ಒರಗಿಸಿದ್ದರು. ಚಿಕ್ಕಪ್ಪ ಗಾಡಿಯ ಚಕ್ರಕ್ಕೆ ಕಾಲು ಕೊಡಲು ಹೋಗಿ ಬಿದ್ದರು. ಕಾಲಿನ ಹೆಬ್ಬೆರಳಿನ ಉಗುರು ಕಿತ್ತುಬಂತು. ಬೇರೆಯವರ ಮನೆಯಲ್ಲಾದರೆ ಅದು ಅರಿಶಿನ ಹಚ್ಚಿ ಮರೆಯುವ ಗಾಯ. ನಮ್ಮ ಮನೆಯಲ್ಲಿ ಅಂದೇ ಡಾಕ್ಟರಿಗೆ ಹೇಳಿ ಕಳಿಸಿದೆವು. ವಾರವಾಯಿತು, ತಿಂಗಳಾಯಿತು, ಗಾಯ ಹಾಗೆಯೇ ಇತ್ತು. ಅಮ್ಮ ದಿನವೂ ತಾನೇ ಕೂತು ಪಟ್ಟಿ ಬಿಚ್ಚಿ, ತೊಳೆದು, ಕಟ್ಟುತ್ತಿದ್ದಳು. ಅಪ್ಪನ ಕಾಲಿಗೆ ಕಟ್ಟಿದ ಕೈಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು. ನಾನು ಆಗ ಪಟ್ಟ ಹೆದರಿಕೆಯನ್ನು ಆಮೇಲೆ ಯಾವುದಕ್ಕೂ ಪಟ್ಟಿಲ್ಲ.

ಎರಡೂವರೆ ತಿಂಗಳಿಗೆ ಗಾಯ ಮಾಯಿತು. ಮಾಯ್ದ ಮರುದಿನ ಚಿಕ್ಕಪ್ಪ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬಂದರು. ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅವರು ಚಡ್ಡಿ ಹಾಕುತ್ತಿದ್ದ ಹುಡುಗ. ಹಾಗಾಗಿ ಗದರುವ ಹಕ್ಕು ಅವಳಿಗಿತ್ತು.

"ಪೋದುಂ ಕಣೋ, ಸಾಕು. ಅದನ್ನ ಯಾರಿಗಾದರೂ ಕೊಟ್ಟುಬಿಡು," ಎಂದಳು. "ಇನ್ನೊಂದು ಸಲ ಪಟ್ಟಿ ಕಟ್ಟೋ ಶಕ್ತಿ ನನಗಿಲ್ಲ."

"ಅಣ್ಣ ಕೂತಲ್ಲೇ ಕೂತು ಹೋದ, ಅತ್ತಿಗೆ. ನಾನು ಬಿದ್ದು ಎದ್ದಾದರೂ ಇರ್ತೀನಿ."

ಚಿಕ್ಕಪ್ಪ ಜಗಲಿ ಹತ್ತಿ, ಸೀಟಿಗೆ ಜಾರಿ, ಹೊರಟುಹೋದರು.

ಇನ್ನೊಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ, ಹೊರಡುವ ಹೊತ್ತಾದರೂ ಚಿಕ್ಕಪ್ಪನ ಸುಳಿವಿಲ್ಲ. ಹುಡುಕಿದರೆ ನಡುಮನೆಯಲ್ಲಿ, ಕೋಟು ಪೇಟ ತೊಟ್ಟು, ಅಪ್ಪನ ಫೋಟೋ ಮುಂದೆ ನಿಂತಿದ್ದರು. ದಿನವೂ ಆಫೀಸಿಗೆ ಹೊರಡುವ ಮುಂಚೆ ಅಣ್ಣನ ಫೋಟೋಗೆ ನಮಸ್ಕಾರ ಮಾಡುವುದು ಅವರ ರೂಢಿ. ಆ ದಿನ ಕೈಯಲ್ಲಿ ಪಂಚಾಂಗ ಹಿಡಿದು ಸುಮ್ಮನೆ ನಿಂತಿದ್ದಾರೆ.

"ಲೆಕ್ಕ ಹಾಕಿ ನೋಡಿದೆ, ಮಗು," ಎಂದರು. "ನಿನ್ನೆವರೆಗೂ ಅಣ್ಣ ದೊಡ್ಡವನು. ಇವತ್ತಿಗೆ ಅವನು ಇದ್ದದ್ದಕ್ಕಿಂತ ಒಂದು ದಿನ ಜಾಸ್ತಿ ಆಯ್ತು ನನಗೆ. ಇನ್ನು ಮೇಲೆ ಯಾರು ಯಾರಿಗೆ ನಮಸ್ಕಾರ ಮಾಡಬೇಕು?"

ಅವರ ಎಷ್ಟೋ ವಿಚಿತ್ರಗಳಲ್ಲಿ ಇದೂ ಒಂದೆಂದು ನಗಲು ಹೋದೆ. ಮುಖ ನೋಡಿ ನಗು ಬರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಅಡಿಗೆಮನೆಯಿಂದ ಅಮ್ಮ ಒದ್ದೆ ಕೈಯಲ್ಲೇ ಬಂದಳು. ಎಲ್ಲ ಕೇಳಿಸಿಕೊಂಡಿರಬೇಕು.

"ಅವರಿಗೆ ನೀನು ಯಾವತ್ತಿದ್ದರೂ ತಮ್ಮನೇ. ಮಾಡು," ಎಂದಳು.

ಚಿಕ್ಕಪ್ಪ ಪೇಟ ತೆಗೆದಿಟ್ಟು ಉದ್ದಂಡ ಬಿದ್ದರು. ಬಿದ್ದವರು ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. "ಬೇಜಾರು ಮಾಡ್ಕೋಬೇಡ, ಅಣ್ಣ," ಎಂದದ್ದು ನನಗೆ ಕೇಳಿಸಿತು. ಒಂದೇ ಒಂದು ದಿನ ಹೆಚ್ಚು ಬದುಕಿದ್ದಕ್ಕೆ ಅವರು ಅಣ್ಣನ ಕ್ಷಮೆ ಕೇಳುತ್ತಿದ್ದರು.

ಅವರು ಎದ್ದ ಮೇಲೆ ನಾನು ಹೋಗಿ ಅವರ ಕಾಲಿಗೆ ಬಿದ್ದೆ. ಹಬ್ಬಹರಿದಿನಗಳಲ್ಲಿ ಸಾಲಿನಲ್ಲಿ ನಿಂತು ಬೀಳುತ್ತಿದ್ದೆನೇ ಹೊರತು, ಮನಸ್ಸು ತುಂಬಿ ಬಿದ್ದದ್ದು ಅದೇ ಮೊದಲು. ಯಾರು ನಮಸ್ಕರಿಸಿದರೂ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಿದ್ದ ಆಶೀರ್ವಾದವನ್ನು ಚಿಕ್ಕಪ್ಪ ಹೇಳಲು ಹೊರಟರು. "ದೀರ್ಘಾಯುಷ್ಯ..." ಎಂದರು. ಮುಂದಿನದು ಬಾಯಿಗೆ ಬರಲಿಲ್ಲ. ನನ್ನ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲೂ ಇಲ್ಲ. ಆಫೀಸಿಗೆ ಹೊತ್ತಾಯಿತೆಂದು ಅಮ್ಮ ಆ ದಿನ ಹೇಳಲಿಲ್ಲ.