ಮಾವನ ಆರು ಅಂಕಿಯ ಪಂಕ್ತಿ

ನಮ್ಮ ಸಾಗರದ ಅತ್ತೆಗೆ ಒಬ್ಬಳು ಸವತಿಯಿದ್ದಳು. ಗಾಬರಿಯಾಗಬೇಡಿ! ಅವಳ ಹೆಸರು ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಸಂತೆಗೆ ಹೋದರೆ ಅತ್ತೆ ಹೇಳಿದ ಬೆಲ್ಲವನ್ನೇ ಮರೆತು ಬರುತ್ತಿದ್ದ ನನ್ನ ಸೋದರಮಾವ ಈ ಸಂಖ್ಯೆಯನ್ನು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ. ಅತ್ತೆ ರೇಗಿದರೆ, "ಇದನ್ನ ಎರಡರಿಂದ ಗುಣಿಸಿ ನೋಡೇ, ಸಿಟ್ಟು ಇಳೀತದೆ" ಎನ್ನುತ್ತಿದ್ದರು. ಇಳಿಯುತ್ತಿತ್ತೇ? ಇನ್ನಷ್ಟು ಏರುತ್ತಿತ್ತು!

ಅರವತ್ತರ ದಶಕದ ಮಾತು. ಹೊಸನಗರದ ಶಾಲೆಯಲ್ಲಿದ್ದ ನಾನು ಲೆಕ್ಕದಲ್ಲಿ ಫೇಲಾಗಿದ್ದೆ. "ಇನ್ನೊಂದ್ಸಲ ಡುಮ್ಕಿ ಹೊಡೆದ್ರೆ ಶಾಲೆ ಬಿಡಿಸಿ ಮದುವೆ ಮಾಡ್ತೀನಿ" ಎಂದು ಅಪ್ಪಯ್ಯ ಹೇಳಿಬಿಟ್ಟರು. ನನಗೋ ಓದುವ ಆಸೆ, ಅಂಕಿ ಕಂಡರೆ ಮಾತ್ರ ಹೊಟ್ಟೆನೋವು. ಬೇಸಿಗೆ ರಜೆಗೆ ಮಾವ ನನ್ನನ್ನು ಸಾಗರಕ್ಕೆ ಕರೆದುಕೊಂಡು ಹೋಗಿ ಆ ಸವತಿಯ ಪರಿಚಯ ಮಾಡಿಸಿದರು. ೧೪೨೮೫೭! ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು, ಅದೇ ಸಾಲು. ಮುಂದಿದ್ದವರು ಎದ್ದು ಹಿಂದೆ ಹೋಗಿ ಕೂರುತ್ತಾರೆ, ಅಷ್ಟೇ. ಮೂರರಿಂದ ಗುಣಿಸಿದರೆ ೪೨೮೫೭೧. ಏಳರಿಂದ? ೯೯೯೯೯೯! "ಆರೂ ಜನ ಒಂದೇ ವೇಷ ಹಾಕ್ಕೊಂಡ್ರು ನೋಡು!" ಎಂದು ಮಾವ ಚಪ್ಪಾಳೆ ತಟ್ಟಿದರು. ನನ್ನ ತಲೆಗೆ ಏನೂ ಹೋಗಲಿಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಊಟಕ್ಕೆ ಕೂತಲ್ಲೇ ಮಾವನಿಗೆ ಉಪಾಯ ಹೊಳೆಯಿತು. ಎದುರು ಕೂತಿದ್ದ ಆರು ಜನಕ್ಕೆ ಒಂದೊಂದು ಅಂಕಿ ಹಂಚಿದರು. ಪಂಕ್ತಿಯ ತುದಿಯಲ್ಲಿದ್ದ, ಎಲ್ಲರಿಗಿಂತ ಹಿರಿಯರಾದ ಭಟ್ಟರು 'ಒಂದು'.

"ಭಟ್ರೆ, ಮೂರರಿಂದ ಗುಣಿಸ್ತಿದೀನಿ. ಒಂಚೂರು ಎದ್ದು ಆ ಕಡೆ ಹೋಗ್ತೀರಾ?"

ಭಟ್ಟರು ಪಾಪ, ಸಂಕೋಚದವರು. ಎದ್ದೇಬಿಟ್ಟರು. ಹಿರಿಯರೇ ಎದ್ದ ಮೇಲೆ ಉಳಿದವರು ಕೂತು ಉಣ್ಣುವುದುಂಟೇ? ಎದುರಿನ ಸಾಲು, ನಮ್ಮ ಸಾಲು, ಎರಡೂ ಎದ್ದು ಕೈ ತೊಳೆಯಲು ಹೊರಟವು! ಹೋಳಿಗೆ ಹಿಡಿದು ಬಂದ ಅತ್ತೆ ಬರಿದಾದ ಪಂಕ್ತಿ ನೋಡಿ, "ಎಂತ ಮಾಡಿದ್ರಿ ಮಾರಾಯ್ರೆ!" ಎಂದು ಹಣೆ ಚಚ್ಚಿಕೊಂಡರು. ಹೋಳಿಗೆ ತಪ್ಪಿದ ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಮೂರನ್ನು ಏಳರಿಂದ ಭಾಗಿಸಿ ದಶಾಂಶದಲ್ಲಿ ಬರೆಯಲು ಕೇಳಿದ್ದರು. ಭಾಗಿಸುತ್ತಾ ಹೋದೆ. ನಾಲ್ಕು, ಎರಡು, ಎಂಟು, ಐದು, ಏಳು... ಕೊನೆಯಲ್ಲಿ ಒಂದು! ಅರೆ, ನಮ್ಮ ಭಟ್ಟರು ಆ ತುದಿಗೆ ಹೋಗಿ ಕೂತಿದ್ದಾರೆ! ನಗು ಬಂತು, ಹೊಟ್ಟೆನೋವು ಹೋಯಿತು. ಉಳಿದ ಲೆಕ್ಕಗಳನ್ನೂ ಹೆದರದೆ ಮಾಡಿದೆ. ಪಾಸಾದೆ.

ಅಪ್ಪಯ್ಯ ಖುಷಿಯಿಂದ ಮಾವನನ್ನು ಕರೆಸಿ ಹೋಳಿಗೆ ಊಟ ಹಾಕಿದರು. ನಾನು ಊಟದಲ್ಲಿ ಮಹಾ ನಿಧಾನಿ. ಎಲ್ಲರದೂ ಮುಗಿಯಿತು. ಪಂಕ್ತಿಯ ಹಿರಿಯರಾಗಿದ್ದ ಮಾವ ಮಾತ್ರ ಕೈ ಒಣಗಿಸಿಕೊಂಡು ಕೂತೇ ಇದ್ದರು.

"ಏಳಾಣ ಭಾವ?" ಎಂದರು ಅಪ್ಪಯ್ಯ.

"ಕೂಸು ಇನ್ನೂ ಉಣ್ತಾ ಇದೆ. ನಾ ಎದ್ರೆ ಅದೂ ಏಳ್ಬೇಕಲ್ಲ."

ಇವಳಿಗೆ ಲೆಕ್ಕ ಹತ್ತುವುದಿಲ್ಲವೆಂದು ಎಲ್ಲರೂ ಆಸೆ ಬಿಟ್ಟಿದ್ದ ಆ ರಜೆಯಲ್ಲೂ ಮಾವ ನನ್ನೆದುರು ಹೀಗೆಯೇ ಕೂತಿದ್ದರು. ಮುಂದೆ ನಾನು ಓದಿದೆ, ಲೆಕ್ಕದ ಟೀಚರೇ ಆದೆ. ತರಗತಿಯಲ್ಲಿ ಯಾವುದಾದರೂ ಮಗು ಲೆಕ್ಕದ ಮುಂದೆ ತಡವರಿಸಿದರೆ, ಗಂಟೆ ಹೊಡೆದರೂ ನಾನು ಕುರ್ಚಿಯಿಂದ ಏಳುವುದಿಲ್ಲ.