ನನ್ನನ್ನು ಪಾಪರ್ ಮಾಡಿಸಿದ ವಕೀಲಮ್ಮ

ಕೈಯಲ್ಲಿ ದುಡ್ಡಿರುವವನಿಗೆ ನಗುವ ಪ್ರಸಂಗ ಅಪರೂಪ. ದಿವಾಳಿಯಾಗಲು ಹೊರಟವನಿಗೆ ದಿನಕ್ಕೊಂದು. ಬಂಗಾಳಿ ಸಿನಿಮಾ ಸ್ಟುಡಿಯೋಗಳಿರುವ ಟಾಲಿಗಂಜ್‌ನಲ್ಲಿ ನನ್ನದು ಶೂಟಿಂಗ್‌ಗೆ ಸಾಮಾನು ಬಾಡಿಗೆ ಕೊಡುವ ವ್ಯಾಪಾರ. ಸಾಲ ಮಾಡಿ ಒಂದು ಪೌರಾಣಿಕ ಧಾರಾವಾಹಿಗೆ ಎಲ್ಲ ಒದಗಿಸಿದೆ. ಅದು ಅರ್ಧಕ್ಕೆ ನಿಂತಿತು. ನಿರ್ಮಾಪಕ ಫೋನ್ ಎತ್ತುವುದನ್ನೂ ನಿಲ್ಲಿಸಿದ. ಬಡ್ಡಿ ಕಟ್ಟಲಾಗದೆ, ಊಟ ಸೇರದೆ, ಕೊನೆಗೆ ದಿವಾಳಿ ಅರ್ಜಿ ಹಾಕಲು ಅಲಿಪುರ ಕೋರ್ಟಿನ ಒಬ್ಬ ಬಂಗಾಳಿ ವಕೀಲಮ್ಮನ ಬಳಿ ಹೋದೆ.

ಫೀಸು

"ಮೇಡಂ, ನಿಮ್ಮ ಫೀಸು ಆಮೇಲೆ ಕೊಡ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆಮೇಲೆ ಅಂದರೆ ನೀವು ನನಗೂ ಸಾಲ ಉಳಿಸಿಕೊಂಡ ಹಾಗೆ. ನಿಮ್ಮ ಅರ್ಜಿಯಲ್ಲಿ ಸಾಲ ಕೊಟ್ಟವರ ಸಾಲಿಗೆ ನನ್ನ ಹೆಸರನ್ನೂ ನಾನೇ ಬರೆಯಬೇಕಾಗುತ್ತೆ!"

ಹಾಗಾದರೆ ಏನು ಮಾಡುವುದು ಎಂದು ಕೇಳಿದೆ. ಒಂದು ಕಪ್ ಚಹಾ ಕುಡಿಸಿ ಎಂದರು. ಕುಡಿಸಿದೆ. ಅದೇ ಫೀಸು. ಬಿಸ್ಕತ್ತಿನ ದುಡ್ಡು ಅವರೇ ಕೊಟ್ಟರು.

ಹಪ್ಪಳ

ನನ್ನ ಹೆಂಡತಿ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ, "ಅಕ್ಕಾ, ನಾವು ಪಾಪರ್ ಆಗ್ತಾ ಇದ್ದೀವಿ" ಎಂದು ಅತ್ತಳು. ಪಕ್ಕದ ಮನೆಯ ಬಂಗಾಳಿ ಹಿರಿಯಾಕೆ, ನಾವೆಲ್ಲ 'ಮಾಶಿಮಾ' (ಚಿಕ್ಕಮ್ಮ) ಎನ್ನುವವರು, ಕೇಳಿಸಿಕೊಂಡರು. ಅವರಿಗೆ ತಿಳಿದದ್ದು 'ಪಾಪರ್' ಎಂಬ ಒಂದೇ ಪದ. ಬಂಗಾಳಿಯಲ್ಲಿ 'ಪಾಪೊರ್' ಎಂದರೆ ಹಪ್ಪಳ. ಮರುದಿನ ಬಂದು ಇವಳ ಬೆನ್ನು ಸವರಿ, "ಹಪ್ಪಳ ಮಾರೋದಕ್ಕೆ ಅಳೋದು ಯಾಕಮ್ಮ? ನನಗೆ ಎರಡು ಕಟ್ಟು ಕೊಡು" ಎಂದರು.

ಇವಳು ನಿಜವಾಗಿಯೂ ಹಪ್ಪಳ ಒತ್ತಿದಳು. ಮಾಶಿಮಾ ಇಡೀ ಕಟ್ಟಡಕ್ಕೆ ಮಾರಿಸಿದರು. ಮನೆ ನಡೆದದ್ದು ಅದರಲ್ಲೇ. ವಕೀಲಮ್ಮನಿಗೆ ಹೇಳಿದರೆ, "ಭೇಷ್! ಇದೂ ಆದಾಯ, ಅರ್ಜಿಗೆ ಸೇರಿಸಿ" ಎಂದರು.

"ಪಾಪರ್ ಆಗೋದಕ್ಕೂ ಈ ಪಾಪೊರ್ ಬಿಡಲ್ವಲ್ಲ!" ಎಂದಳು ಇವಳು.

ವಸೂಲಿಯವನು

ಸಾಲ ವಸೂಲಿಯ ಏಜೆಂಟನೊಬ್ಬ ದಿನಾ ಫೋನಿನಲ್ಲಿ ಬೈಯುತ್ತಿದ್ದ. ಒಮ್ಮೆ ವಕೀಲಮ್ಮನ ಎದುರೇ ಅವನ ಫೋನ್ ಬಂತು. ಅವರು ಫೋನ್ ಇಸಿದುಕೊಂಡು, ಸಾಲ ವಸೂಲಿಗೆ ಬಂದವನು ಏನು ಹೇಳಬಹುದು, ಏನು ಹೇಳಿದರೆ ಜೈಲು ಎಂಬುದನ್ನು ಮೇಷ್ಟ್ರಂತೆ ನಿಧಾನವಾಗಿ ಬಿಡಿಸಿ ಹೇಳಿದರು. ಅವನು ಮೆಲ್ಲಗೆ ಕೇಳಿದ: "ದೀದಿ, ನನ್ನ ಬೈಕಿನ ಸಾಲವೂ ಬಾಕಿ ಇದೆ. ನನ್ನ ಕೇಸೂ ತಗೋತೀರಾ?"

ಸಿಂಹಾಸನ

ವಿಚಾರಣೆಯ ದಿನ ನನಗೆ ಸಾಲ ಕೊಟ್ಟಿದ್ದ ಲೇವಾದೇವಿಯವನು ಎದ್ದು ನಿಂತು, "ಇವನು ಮೋಸಗಾರ ಸ್ವಾಮಿ! ಇವನ ಗೋದಾಮಿನಲ್ಲಿ ಚಿನ್ನದ ಸಿಂಹಾಸನ ಇದೆ. ಕಣ್ಣಾರೆ ನೋಡಿಯೇ ಸಾಲ ಕೊಟ್ಟದ್ದು" ಎಂದ.

ಜಡ್ಜ್ ನನ್ನತ್ತ ತಿರುಗಿದರು. ವಕೀಲಮ್ಮ ಶಾಂತವಾಗಿ, "ಇದೆ ಸ್ವಾಮಿ, ಅರ್ಜಿಯಲ್ಲೂ ತೋರಿಸಿದ್ದೇವೆ. ಕೋರ್ಟು ಒಪ್ಪಿದರೆ ಇವರೇ ಒಯ್ಯಲಿ" ಎಂದರು. ಅವನ ಮುಖ ಅರಳಿತು. ವಕೀಲಮ್ಮ ಮುಂದುವರಿಸಿದರು: "ಮಳೆಯಲ್ಲಿ ಮಾತ್ರ ಬೇಡ. ರಟ್ಟು ನೆನೆಯುತ್ತೆ."

ಜಡ್ಜ್ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಭುಜ ಮಾತ್ರ ಕುಣಿಯುತ್ತಿತ್ತು. ಅರ್ಜಿ ಮಂಜೂರಾಯಿತು. ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರು ಬಿಟ್ಟೆ.

ಹೊರಗೆ ಮೆಟ್ಟಿಲ ಬಳಿ ಲೇವಾದೇವಿಯವನು ನಮಗಾಗಿ ಕಾದು ನಿಂತಿದ್ದ. ಜಗಳಕ್ಕೇ ಬಂದ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡು, "ನನ್ನ ಮಗನ ಮದುವೆ ಇದೆ. ಆರತಕ್ಷತೆಗೆ ಆ ಸಿಂಹಾಸನ ಬಾಡಿಗೆಗೆ ಸಿಗುತ್ತಾ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ವಕೀಲಮ್ಮ ಹೇಳಿದರು: "ಈಗದು ಕೋರ್ಟಿನ ವಶದಲ್ಲಿದೆ. ಕೇಳಿ ಕೊಡಿಸೋಣ. ಆದರೆ ನಗದು ಕೊಡಬೇಕು, ಉದ್ರಿ ಇಲ್ಲ."